ಚೆಲುವಿ ಬೆದರದಂಥ ಬಿಲ್ಲು

ಮೊನ್ನೆ ಬಿಸಿಲಿಗೆ ಹಾಕಿದ್ದ ಹಳೆಯ ಕಂಬಳಿ ಮಡಿಸುತ್ತಿದ್ದೆ. ಅಂಚಿನಿಂದ ಒಂದೆಳೆ ಉಣ್ಣೆ ಕಿತ್ತು ಕೈಗೆ ಬಂತು. ಕುರಿಯ ವಾಸನೆ ಇನ್ನೂ ಹೋಗಿರಲಿಲ್ಲ. ನನಗೆ ಗೊತ್ತಾಗುವ ಮೊದಲೇ ಬೆರಳುಗಳು ಅದನ್ನು ಉಂಡೆ ಮಾಡಿ ಇನ್ನೊಂದು ಎಳೆಗೆ ಕೈ ಹಾಕಿದ್ದವು.

"ಏನ್ರೀ, ಇರೋ ಒಂದು ಕಂಬಳೀನೂ ಕಿತ್ತು ಹಾಕ್ತೀರಾ?" ಎಂದಳು ಹೆಂಡತಿ.

ಅವಳಿಗೆ ಏನೂ ಹೇಳಲಿಲ್ಲ. ಹೇಳಿದರೆ ನಗುತ್ತಾಳೆ. ನಿಮಗೆ ಹೇಳುತ್ತೇನೆ, ನೀವು ನಕ್ಕರೂ ನನಗೆ ಕಾಣಿಸುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆರನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಮರಗೆಲಸ ಹಿಡಿದವನು ನಾನು. ಬನಶಂಕರಿಯ ಒಂದು ವಠಾರದಲ್ಲಿ ಕೋಣೆ ಮಾಡಿಕೊಂಡು, ಜಯನಗರದಲ್ಲಿ ಏಳುತ್ತಿದ್ದ ಮನೆಗಳಿಗೆ ಬಾಗಿಲು ಕೂರಿಸುತ್ತಿದ್ದೆ. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಇದು ಜಂಬವಲ್ಲ. ಸರಿ, ಜಂಬವೇ ಇರಲಿ. ಆ ಬಾಗಿಲುಗಳು ಈಗಲೂ ಕಿರ್ ಎನ್ನುವುದಿಲ್ಲ, ಬೇಕಾದರೆ ತೆಗೆದು ನೋಡಿ. ಆದರೆ ಹಗಲೆಲ್ಲ ಮಾಡುತ್ತಿದ್ದದ್ದು ಬೇರೆಯವರ ಬಾಗಿಲು, ಬೇರೆಯವರ ಕಿಟಕಿ. ನನಗಾಗಿ ನಾನು ಮಾಡಿಕೊಂಡಿದ್ದು ಒಂದೇ ಒಂದು ವಸ್ತು: ಬಿದಿರಿನ ಬಿಲ್ಲು.

ಹುಳಿಮಾವಿನಲ್ಲಿದ್ದ ನಮ್ಮ ತಾತ, ರಾಗಿ ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಬಿಲ್ಲು ಕಟ್ಟುತ್ತಿದ್ದರು. ಅವರ ಕೈ ನೋಡಿ ಕಲಿತಿದ್ದೆ. ಒಣಗಿದ ಬಿದಿರನ್ನು ಸೀಳಿ, ಬೆಂಕಿಗೆ ಹಿಡಿದು ಬಗ್ಗಿಸಿ, ಗಾಜಿನ ಚೂರಿನಿಂದ ಹೆರೆದು, ಸೆಣಬಿನ ಹುರಿಯ ಹೆದೆ ಕಟ್ಟಲು ಎರಡು ತಿಂಗಳು ಹಿಡಿದಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ವಠಾರದ ಹಿಂದಿನ ಖಾಲಿ ಸೈಟಿನಲ್ಲಿ ಹುಲ್ಲಿನ ಹೊರೆ ನಿಲ್ಲಿಸಿ ಹತ್ತು ಬಾಣ ಬಿಡುತ್ತಿದ್ದೆ. ಆಮೇಲೆ ದಿನವೆಲ್ಲ ಯಾವ ಮೇಸ್ತ್ರಿ ಏನೆಂದರೂ ನನಗೆ ನಾಟುತ್ತಿರಲಿಲ್ಲ.

ತೊಂದರೆ ಬಂದಿದ್ದು ಚೆಲುವಿಯಿಂದ. ಚೆಲುವಿ ಅಂದರೆ ವಠಾರದ ಯಜಮಾನಿ ಕೆಂಪಮ್ಮನವರ ಎಮ್ಮೆ. ಅದರ ಕೊಟ್ಟಿಗೆ ಆ ಸೈಟಿಗೆ ಅಂಟಿಕೊಂಡೇ ಇತ್ತು. ಒಂದು ಶನಿವಾರ ಕೆಂಪಮ್ಮ ಖಾಲಿ ಚೊಂಬು ಹಿಡಿದು ನನ್ನ ಬಾಗಿಲಿಗೇ ಬಂದರು.

"ಏನಪ್ಪಾ ಬೇಟೆಗಾರ, ಎಷ್ಟು ಹುಲಿ ಹೊಡ್ದೆ? ನೀನು ಅಲ್ಲಿ ಟಣ್ ಅನ್ನಿಸ್ತೀಯ, ಇವಳು ಇಲ್ಲಿ ಬೆದ್ರಿ ಹಾಲು ಬಿಗಿ ಹಿಡ್ಕೋತಾಳೆ. ದಿನಾ ಹಾಲು ಹಾಕಿಸ್ಕೊಳ್ಳೋ ವರ್ತನೆ ಮನೆಯೋರಿಗೆ ನಿನ್ ಬಾಣ ಕಾಯ್ಸಿ ಕೊಡ್ಲಾ?"

"ಸದ್ದು ಕಮ್ಮಿ ಮಾಡ್ತೀನಿ ಅಮ್ಮಾ."

"ಶುಕ್ರವಾರದವರೆಗೂ ನೋಡ್ತೀನಿ. ಆಮೇಲೂ ಅವಳು ಬೆದರಿದ್ರೆ ಆ ಬಿಲ್ಲು ನನ್ ಹಂಡೆ ಒಲೆಗೆ. ನೀರಾದ್ರೂ ಕಾಯ್ಲಿ."

ನಾನು ಬುದ್ಧಿವಂತನಲ್ಲವೇ? ನಮ್ಮ ಊರಿನಲ್ಲಿ ತಮಟೆ ಬಡಿಯುವವರು ಚರ್ಮ ಸಡಿಲವಾದಾಗ ಬೆಂಕಿಗೆ ಹಿಡಿದು ಬಿಗಿ ಮಾಡುವುದನ್ನು ಕಂಡಿದ್ದೆ. ಬಿಗಿಯಾದರೆ ಸದ್ದು, ಸಡಿಲವಾದರೆ ಮೌನ ಎಂದು ಲೆಕ್ಕ ಹಾಕಿ ಹೆದೆ ಸಡಿಲಿಸಿದೆ. ಬಾಣ ಬಿಟ್ಟರೆ ಹೆದೆ ಬಿದಿರಿಗೇ ಫಟೀರೆಂದು ಬಡಿಯಿತು. ಚೆಲುವಿ ಗೂಟ ಕೀಳುವುದೊಂದು ಬಾಕಿ.

ಭಾನುವಾರ ಬಿಲ್ಲು ಹೆಗಲಿಗೇರಿಸಿ ಹುಳಿಮಾವಿಗೆ ನಡೆದೆ. ತಾತ ನೋಡಿದವರೇ ನಕ್ಕರು.

"ಲೇ, ಇದೇನ್ ತಮಟೆ ಅಂದ್ಕೊಂಡ್ಯೇನ್ಲಾ? ಹೆದೆ ತಿರುಚು, ಗಿಡ್ಡ ಆಗ್ಲಿ. ಬಿಲ್ಲಿಗೂ ಹೆದೆಗೂ ನಡುವೆ ಒಂದು ಮುಷ್ಟಿ, ಮೇಲೊಂದು ಹೆಬ್ಬೆಟ್ಟು ನಿಲ್ಬೇಕು. ಮತ್ತೆ ಈ ಕಡ್ಡಿ ಎಂಥದು, ಊದಿದ್ರೆ ಹಾರೋಗ್ತದೆ! ತೂಕದ ಬಾಣ ಹಾಕು. ಬಾಣ ತಗೊಂಡು ಹೋಗದೆ ಉಳ್ಸಿದ ಶಕ್ತಿನೇ ಕಣ್ಲಾ ಬಿಲ್ಲಲ್ಲಿ ಕೂಗೋದು."

ಅವರು ಹೇಳಿದಂತೆ ಮಾಡಿದೆ. ಬಡಿತ ನಿಂತಿತು. ಆದರೆ ಬಾಣ ಹೋದ ಮೇಲೂ ಹೆದೆ ದುಂಬಿಯ ಹಾಗೆ ಗುಂಯ್ ಎನ್ನುತ್ತಿತ್ತು. ಚೆಲುವಿಯ ಕಿವಿ ನೆಟ್ಟಗಾಗುತ್ತಿತ್ತು. ಇಲ್ಲಿಂದ ಮುಂದಿನದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಗಾಳಿಗೆ ಅದುರುವ ಕಿಟಕಿ ಗಾಜಿಗೆ ನಾವು ಮೆತ್ತಗಿನದೇನಾದರೂ ಸಿಕ್ಕಿಸುತ್ತೇವಲ್ಲ, ಹೆದೆಗೂ ಹಾಗೇ ಮಾಡಿದರೆ? ಕಂಬಳಿಯಿಂದ ಉಣ್ಣೆ ಕಿತ್ತು ಹುರಿಯ ಎಳೆಗಳ ನಡುವೆ ಸಿಕ್ಕಿಸಿದೆ. ತುದಿಗೆ ತೀರ ಹತ್ತಿರ ಇಟ್ಟರೆ ಗುಂಯ್ ಹೋಗಲಿಲ್ಲ. ಮಧ್ಯಕ್ಕೆ ತಂದರೆ ಬಾಣ ಸೋತಿತು. ಒಂದೊಂದೇ ಬೆರಳು ಸರಿಸುತ್ತ, ಬೆರಳಲ್ಲಿ ಮೀಟಿ ಕೇಳುತ್ತ, ಗುರುವಾರದ ಹೊತ್ತಿಗೆ ಎರಡೂ ತುದಿಯಿಂದ ಒಂದು ಗೇಣಿನ ಆಚೆ ಅದರ ಜಾಗ ಸಿಕ್ಕಿತು.

ಶುಕ್ರವಾರ ಬೆಳಿಗ್ಗೆ ಕೆಂಪಮ್ಮ ಹಾಲು ಕರೆಯಲು ಕೂತರು. ನಾನು ಗೋಡೆಯ ಈಚೆ. ಮೊದಲ ಬಾಣ ಬಿಟ್ಟು ಕಿವಿಗೊಟ್ಟೆ. ಚೊಂಬಿನಲ್ಲಿ ಹಾಲು ಬೀಳುವ ಸರ್ ಸರ್ ನಿಲ್ಲಲಿಲ್ಲ. ಎರಡನೆಯದು. ನಿಲ್ಲಲಿಲ್ಲ. ಹತ್ತನ್ನೂ ಬಿಟ್ಟೆ. ಸ್ವಲ್ಪ ಹೊತ್ತಿಗೆ ಕೆಂಪಮ್ಮ ಹೊರಗೆ ಬಂದರು.

"ಇನ್ನೂ ಹೊಡೀಲಿಲ್ವೇನೋ? ನಾನ್ ಕರೆದು ಮುಗಿಸ್ದೆ. ಹೊಡಿ ಬೇಗ, ನಿನ್ ಆಟ ನೋಡ್ತಾ ನಿಲ್ಲಕ್ಕಾಗಲ್ಲ."

ನಾನು ಹುಲ್ಲಿನ ಹೊರೆಯತ್ತ ಕೈ ತೋರಿಸಿದೆ. ಅವರು ಹತ್ತು ಬಾಣಗಳನ್ನು ನೋಡಿದರು, ನೊರೆ ಉಕ್ಕುತ್ತಿದ್ದ ಚೊಂಬನ್ನು ನೋಡಿದರು.

"ಅಯ್ಯೋ ನಿನ್ನ! ಸರಿ ಬಿಡು, ಒಲೆಗೆ ಬೇರೆ ಸೌದೆ ನೋಡ್ಕೋತೀನಿ."

ಆಮೇಲೆ ಎಷ್ಟೋ ಜನ ನನ್ನ ಕೆಲಸಕ್ಕೆ ಬೆನ್ನು ತಟ್ಟಿದ್ದಾರೆ. ಅವರಲ್ಲಿ ಅರ್ಧ ಜನಕ್ಕೆ ಇನ್ನೊಂದು ಸಣ್ಣ ಕೆಲಸ ಪುಕ್ಕಟೆ ಆಗಬೇಕಿರುತ್ತಿತ್ತು. ಚೆಲುವಿಗೆ ನನ್ನಿಂದ ಏನೂ ಆಗಬೇಕಿರಲಿಲ್ಲ. ಅದು ಸುಮ್ಮನೆ ಮೆಲುಕು ಹಾಕುತ್ತಿತ್ತು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಸಿಕ್ಕಿಲ್ಲ. ಆದರೂ ಎಮ್ಮೆ ಕೊಟ್ಟಿದ್ದು ಎಂದು ನಾಚಿಕೊಂಡು ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ.

ಇಷ್ಟು ಬರೆದ ಮೇಲೆ ಧೈರ್ಯ ಬಂತು. ಒಳಗೆ ಹೋಗಿ ಹೆಂಡತಿಗೂ ಎಲ್ಲ ಹೇಳಿದೆ. ನಕ್ಕಳು, ನಾನೆಂದಿರಲಿಲ್ಲವೇ.

"ಒಂದು ಎಮ್ಮೆ ಸುಮ್ನೆ ನಿಂತಿದ್ದಕ್ಕೆ ಇಷ್ಟು ಜಂಬಾನಾ?"

"ಹೂಂ ಕಣೇ," ಎಂದೆ. "ಇಷ್ಟೇ ಜಂಬ."