ಲಕ್ಷದ ಮೇಲೊಂದು ಬತ್ತಿ

ಗಣಿತದ ಮೇಷ್ಟ್ರನ್ನು ಕಟ್ಟಿಕೊಂಡವಳಿಗೆ ಮನೆಯಲ್ಲಿ ಒಂದು ಸಂಖ್ಯೆಯನ್ನು ನೆಮ್ಮದಿಯಾಗಿ ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯವೂ ಇರುವುದಿಲ್ಲ. ಬಸ್ಸಿನ ನಂಬರು ಯಾವುದರಿಂದ ಭಾಗವಾಗುತ್ತದೆ ಎಂದು ಲೆಕ್ಕ ಹಾಕುತ್ತ ನಿಂತು ಬಸ್ಸನ್ನೇ ಬಿಟ್ಟ ಮಹಾನುಭಾವರು ನಮ್ಮನೆಯವರು. ಅದನ್ನೆಲ್ಲ ಸಹಿಸಿಕೊಂಡೆ. ಆದರೆ ನನ್ನ ಲಕ್ಷಬತ್ತಿಯ ತಂಟೆಗೂ ಬಂದರಲ್ಲ, ಅದನ್ನು ಹೇಗೆ ಸಹಿಸಲಿ, ನೀವೇ ಹೇಳಿ!

ಹೋದ ವರ್ಷ ಇವರ ಎದೆಯ ಆಪರೇಷನ್ ನಡೆದಾಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹರಕೆ ಹೊತ್ತಿದ್ದೆ. ಇವರು ಎದ್ದು ಮನೆಗೆ ಬರಲಿ, ಲಕ್ಷ ಬತ್ತಿ ಹೊಸೆದು ಹಚ್ಚುತ್ತೇನೆ ಎಂದು. ಬಂದರು. ಅಂದಿನಿಂದ ಕೋಥರೂಡದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಹತ್ತಿ ಹಿಡಿದು ಕೂತವಳು ನಾನು. ಹೆಬ್ಬೆರಳು ಸೆಟೆದುಕೊಂಡಿತು, ಕನಸಿನಲ್ಲೂ ಹತ್ತಿ ಹಿಂಜಿದೆ. ಲಕ್ಷ ತುಂಬಿದ ಮೇಲೆ ನಮ್ಮ ಅತ್ತೆಯ ಪದ್ಧತಿಯಂತೆ ಇನ್ನೊಂದು ಬತ್ತಿ ಸೇರಿಸಿ, ಲಕ್ಷದ ಒಂದು ಎಂದು ಬಾಯಿಬಿಟ್ಟು ಎಣಿಸಿದೆ. ಹಾಗೆ ಮೇಲೊಂದು ಹಾಕಿದರೆ ಲೆಕ್ಕ ಸಮಪಾಲಾಗುವುದಿಲ್ಲ, ಗಂಡ ಹೆಂಡಿರೂ ಅಗಲುವುದಿಲ್ಲ ಎಂಬುದು ಅವರ ನಂಬಿಕೆ, ನನ್ನದೂ.

ಇವರು ಪೇಪರಿನ ಮೇಲಿಂದ ಕಣ್ಣೆತ್ತಿದರು.

"ಲಕ್ಷದ ಒಂದೇನು? ಅದು ಹನ್ನೊಂದು ಪಾಲು ಆಗ್ತದಲ್ಲ!"

ಕೇಳಿದವರು ಯಾರು? ಆದರೂ ಪಾಠ ನಡೆದೇ ನಡೆಯಿತು. ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿಸಬೇಕಂತೆ, ಬಿಟ್ಟವನ್ನು ಬೇರೆ ಕೂಡಿಸಬೇಕಂತೆ, ಎರಡೂ ಮೊತ್ತ ಒಂದೇ ಆದರೆ ಹನ್ನೊಂದರಿಂದ ಭಾಗ ಹೋಗುತ್ತದಂತೆ. ಇಲ್ಲಿ ಆ ಕಡೆ ಒಂದು, ಈ ಕಡೆ ಒಂದು. ಪಾಲಿಗೆ ಒಂಬತ್ತು ಸಾವಿರದ ತೊಂಬತ್ತೊಂದು, ಶೇಷ ಸೊನ್ನೆ!

ಅಗಲಬಾರದೆಂದು ಹಾಕಿದ ಬತ್ತಿಯೇ ಅಗಲಿಸುವುದೇ? ಮರುಗಳಿಗೆ ಮೈಯೆಲ್ಲ ಉರಿಯಿತು.

"ಯಾರ ಜೀವಕ್ಕಂತ ಹೊಸದೀನ್ರಿ ನಾ ಇವನ್ನ? ನಿಮ್ಮ ಹನ್ನೊಂದರ ಜೀವಕ್ಕೇನು?" ಎಂದವಳೇ ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ವಿದ್ಯೆಯಂತೆ ವಿದ್ಯೆ! ಸಂಖ್ಯೆಯ ಹೊಟ್ಟೆಯೊಳಗೆ ಏನಿದೆಯೆಂದು ಗೊತ್ತು, ಎದುರಿಗೆ ಕೂತ ಹೆಂಡತಿಯ ಹೊಟ್ಟೆಯೊಳಗಿನ ಸಂಕಟ ಗೊತ್ತಿಲ್ಲ.

ಎಷ್ಟೋ ಹೊತ್ತಿನ ಮೇಲೆ ಬಾಲ್ಕನಿಗೆ ಬಂದರೆ ಪೇಪರಿನ ಅಂಚಿನ ತುಂಬ ಭಾಗಾಕಾರ. ಇವರ ತೊಡೆಯ ಮೇಲೆ ಎರಡು ಬತ್ತಿ. ಒಂದು ಕಿವಿಗಿಡುವ ಅತ್ತರಿನ ಹತ್ತಿಯಂತೆ ದಪ್ಪ, ಇನ್ನೊಂದು ಮುರಿದ ಶಾವಿಗೆ.

"ಲಕ್ಷದ ಮೂರು ಯಾವುದಕ್ಕೂ ಪಾಲಾಗೂದಿಲ್ಲ ನೋಡು. ಮುನ್ನೂರು ದಾಟೂತನಕ ಭಾಗಿಸಿ ನೋಡೀನಿ, ಅದರಾಚೆ ನೋಡೂದು ಬೇಕಾಗಿಲ್ಲ," ಎಂದರು ಮೆಲ್ಲಗೆ. "ಎರಡು ಕಮ್ಮಿ ಇದ್ವು. ನಾನೇ ಹೊಸದೆ."

ಕಣ್ಣು ತುಂಬಿ ಬಂತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಪೂಜೆಯ ದಿನ ತುಪ್ಪದಲ್ಲಿ ನೆನೆದ ಬತ್ತಿಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ನಾನು ಕೈಮುಗಿದು ನಿಂತಿದ್ದರೆ ಇವರು ಬಂದ ಅಕ್ಕಪಕ್ಕದ ಮರಾಠಿಯವರಿಗೆಲ್ಲ ಎರಡು ಬೆರಳೆತ್ತಿ, "ಹ್ಯಾ ದೋನ ಮಾಝ್ಯಾ!" ಎಂದು ಮರಾಠಿಯಲ್ಲಿ ಸಾರುತ್ತಿದ್ದರು, ಈ ಎರಡು ನನ್ನವು ಎಂದು. ಲಕ್ಷ ಹೊಸೆದವಳು ಬಾಯಿಮುಚ್ಚಿಕೊಂಡಿದ್ದೇನೆ, ಎರಡು ಹೊಸೆದವರಿಗೆ ಈ ಪರಿ ಜಂಬ! ಒಂದು ಮಾತು ಅಂದೇಬಿಡೋಣವೆಂದು ಬಾಯಿ ತೆರೆದೆ. ಆಮೇಲೆ ಬಿಟ್ಟೆ. ಜಂಬ ಕೊಚ್ಚಿಕೊಳ್ಳಲು ಮನುಷ್ಯ ಎದ್ದು ಮನೆಗೆ ಬಂದಿದ್ದಾರಲ್ಲ, ಕೊಚ್ಚಿಕೊಳ್ಳಲಿ.