ಅಬುಧಾಬಿ ಮಾವನ ಫ್ಲಾಸ್ಕ್

ಫ್ಲಾಸ್ಕಿನ ಮುಚ್ಚಳ ತೆರೆದೆ. ಏಲಕ್ಕಿಯ ಘಮಕ್ಕೆ ಅಬುಧಾಬಿಯ ಮಾವ ನೆನಪಾದರು.

ಅಪ್ಪ ದುಬೈ ಹಾಕಿ ತಂಡದ ಕಡೆ, ಅಮ್ಮನ ತಮ್ಮನಾದ ಈ ಮಾವ ಅಬುಧಾಬಿಯ ಕಡೆ. ಪ್ಲೇಆಫ್ ಸರಣಿ ಹತ್ತಿರ ಬಂದರೆ ಸಾಕು, ಮಾವ ದುಬೈಯ ನಮ್ಮ ಮನೆಯ ಚಹಾ ಮುಟ್ಟುತ್ತಿರಲಿಲ್ಲ; ಅಬುಧಾಬಿಯ ಖಲೀಫಾ ಸಿಟಿಯ ತಮ್ಮ ಮನೆಯಿಂದಲೇ ಫ್ಲಾಸ್ಕಿನಲ್ಲಿ ತರುತ್ತಿದ್ದರು. ಒಮ್ಮೆ ಅದು ಖಾಲಿಯಾದಾಗ ಅಮ್ಮ ಗುಟ್ಟಾಗಿ ನಮ್ಮ ಚಹಾವನ್ನೇ ತುಂಬಿಸಿಟ್ಟಳು.

ಮಾವ ಚಪ್ಪರಿಸಿದರು. “ಭಾವ, ಅಬುಧಾಬಿ ಚಹಾ ಅಂದ್ರೆ ಇದು! ನಿಮ್ಮ ಟೀಮಿನ ಹಾಗೆ ನೀರುನೀರಲ್ಲ.”

ಅಪ್ಪನೂ ಒಂದು ಗುಟುಕು ಕುಡಿದು ಮುಖ ಕಿವಿಚಿದರು. “ಇದೆಂಥ ಚಹಾ ಮಾರಾಯ, ಪಾತ್ರೆ ತೊಳೆದ ನೀರು!”

“ನಾನು ಮಾಡಿದ್ದು ಪಾತ್ರೆ ತೊಳೆದ ನೀರಾ? ಖಲಾಸ್, ನಾಳೆಯಿಂದ ನೀವೇ ಮಾಡಿ ಕುಡೀರಿ,” ಎಂದಳು ಅಮ್ಮ. ಇಬ್ಬರೂ ಒಟ್ಟಿಗೆ ಲೋಟ ಬರಿದು ಮಾಡಿದ್ದು ಅದೇ ಮೊದಲು.

ಇವತ್ತು ಅದೇ ಫ್ಲಾಸ್ಕ್ ಹಿಡಿದು ಮಾವನ ಮೊಮ್ಮಗ ಬಂದಿದ್ದಾನೆ. ಪಡಸಾಲೆಯಲ್ಲಿ ನನ್ನ ಮಗಳೊಂದಿಗೆ ಅದೇ ಹಾಕಿ ಜಗಳ. “ನೋ ದುಬೈ ಟೀ, ಅತ್ತೆ!” ಎಂದು ಕೂಗುತ್ತಾನೆ.

ಫ್ಲಾಸ್ಕ್ ಖಾಲಿಯಾಗಿದೆ. ನಾನೂ ಗುಟ್ಟಾಗಿ ಚಹಾಕ್ಕೆ ನೀರಿಟ್ಟೆ.