ನೆಲ ಮುಟ್ಟದ ತುಪ್ಪ

ಆ ದಿನಗಳಲ್ಲಿ ನಮ್ಮ ಮನೆಯ ಹಸು ಕರು ಹಾಕಿತೆಂದರೆ ಮಕ್ಕಳಾದ ನಮಗೆ ಸಂಭ್ರಮಕ್ಕಿಂತ ಸಂಕಟವೇ ಹೆಚ್ಚು. ಈದ ಹಸುವಿನ ಮೊದಲ ಬೆಣ್ಣೆ ಕಾಯಿಸಿದ ತುಪ್ಪ ಮಲೆಯ ಮೇಲಿನ ಈಶ್ವರನ ದೀಪಕ್ಕೆ ಸೇರುವ ತನಕ ಮನೆಯವರು ಅದರ ಮೊಸರು, ಮಜ್ಜಿಗೆ, ತುಪ್ಪ ಯಾವುದನ್ನೂ ಬಾಯಿಗೆ ಹಾಕುವಂತಿರಲಿಲ್ಲ. ಹಾಲು ಸೊಸೈಟಿಗೆ ಹೋಗುತ್ತಿತ್ತು. ನಾವು ರಾಗಿ ಮುದ್ದೆಗೆ ಬರೀ ಹುಣಸೆ ಸಾರು ಸುರಿದುಕೊಂಡು, ನುಗ್ಗೆಸೊಪ್ಪು ಹಾಕಿ ಕಾಯಿಸಿದ ತುಪ್ಪದ ಘಮವನ್ನು ಮೂಗಿನಲ್ಲೇ ಉಣ್ಣುತ್ತಿದ್ದೆವು. ಇಂಥ ಒಂದು ಕಾಯುವಿಕೆ ನಿಮ್ಮ ಬಾಲ್ಯದಲ್ಲೂ ಇದ್ದಿರಬೇಕು.

ಮಲೆ ಅಂದರೆ ಮೆಟ್ಟೂರು ಡ್ಯಾಮಿನ ನೀರಿನ ಅಂಚಿನಿಂದಲೇ ನೆಟ್ಟಗೆ ಎದ್ದು ನಿಂತ ಬೆಟ್ಟ. ಸರ್ಕಾರದ ನಕ್ಷೆಯಲ್ಲಿ ಬೇರೆ ಹೆಸರಿದೆ, ನಮ್ಮವರ ಬಾಯಲ್ಲಿ ಬರೀ ಮಲೆ. ತುಪ್ಪ ಒಯ್ಯಲು ಎರಡು ಕಟ್ಟಳೆಗಳಿದ್ದವು. ಬುಡದಿಂದ ತುದಿಯವರೆಗೆ ತಂಬಿಗೆ ನೆಲ ಮುಟ್ಟಬಾರದು. ಮುಟ್ಟಿದರೆ ಅಲ್ಲೇ ಸುರಿದುಬಿಡಬೇಕು, ಮುಂದಿನ ಸೂಲಿನ ತನಕ ಮನೆಯಲ್ಲಿ ತುಪ್ಪವಿಲ್ಲ. ಮತ್ತು ಒಯ್ಯುವವರು ಗಂಡಸರೇ ಆಗಬೇಕು. ಈ ಎರಡನೆಯದನ್ನು ಯಾರು ಮಾಡಿದರು ಎಂದು ನಾನು ಆಗ ಕೇಳಲಿಲ್ಲ. ಕೇಳಿದ್ದೆ ಎಂದು ಈಗ ಸೇರಿಸಿಬಿಡುವ ಆಸೆಯೇನೋ ಆಗುತ್ತದೆ. ಇಷ್ಟು ವರ್ಷ ಡೈರಿ ಬರೆದು ನಾನು ಕಂಡುಕೊಂಡದ್ದು, ನೆನಪು ನಮ್ಮನ್ನು ಇದ್ದುದಕ್ಕಿಂತ ಧೈರ್ಯವಂತರನ್ನಾಗಿ ಮಾಡುತ್ತದೆ ಎಂಬುದನ್ನು.

ಆ ವರ್ಷ ಅಪ್ಪ ಸೇಲಂನ ಮಿಲ್ಲಿನಲ್ಲಿ ಪಾಳಿಯ ಮೇಲಿದ್ದರು. ತುಪ್ಪ ಒಯ್ಯುವ ಸರದಿ ಚಿಕ್ಕಪ್ಪನದು. ಪೊಂಗಲ್ ಕಳೆದು ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಚಿಕ್ಕಪ್ಪನಿಗೆ ಒಂದು ಸೋಮವಾರ ಮದುವೆ, ಇನ್ನೊಂದು ಸೋಮವಾರ ಕುರಿ ವ್ಯಾಪಾರ.

"ಈ ಸೋಮವಾರ ಓಗ್ತೀನಿ ಅಂದ್ಯಲ್ಲ, ಎಲ್ಲೋಯ್ತ್ಲಾ ನಿನ್ ಸೋಮವಾರ?" ಅಜ್ಜಿ ಜಗಲಿಯ ಮೇಲಿಂದ ಕೇಳಿದಳು.

"ಮುಂದಿನ ವಾರ ಓಗಾನ ಬಿಡಮ್ಮಾ. ದೇವ್ರೇನು ಬಸ್ಸತ್ತಿ ಓಡೋಯ್ತಾನಾ?"

"ಅವ್ನು ಓಡೋಗಲ್ಲ. ತುಪ್ಪ ಕಮಟು ಬತ್ತೈತೆ. ನಿನ್ ಕೈಲಾಗ್ದಿದ್ರೆ ಏಳು, ನಾನೇ ಓಗ್ತೀನಿ."

ಚಿಕ್ಕಪ್ಪ ನಕ್ಕರು. "ನೀನಾ? ಸಂತೆಗ್ ಓಗ್ಬರೋಕೇ ದಾರೀಲಿ ಎಲ್ಲಾರ್ ಮನೆ ತಿಣ್ಣೆ ಮೇಲೂ ಕೂತೆದ್ದು ಬತ್ತೀಯ. ಎಂಗಸ್ರು ಒತ್ಕೊಂಡೋದ್ರೆ ಸಾಮಿ ಒಪ್ಪಲ್ಲಮ್ಮಾ."

"ಕರೆಯೋಳು ನಾನು, ಕಡೆಯೋಳು ನಿನ್ ಅತ್ತಿಗೆ, ಸೆಗಣಿ ಬಾಚೋಳು ಈ ಕುಟ್ಟಿ. ಈ ತುಪ್ಪಕ್ಕೆ ಮೀಸೆ ಎಲ್ಲಿಂದ ಬಂತ್ಲಾ?"

ಕುಟ್ಟಿ ಅಂದರೆ ನಾನು. ಅಡುಗೆಮನೆಯಲ್ಲಿ ಅಮ್ಮ ಸೆರಗು ಬಾಯಿಗೊತ್ತಿಕೊಂಡು ನಗು ತಡೆಯುತ್ತಿದ್ದಳು. ಚಿಕ್ಕಪ್ಪನ ಮುಖ ಕೆಂಪಾಯಿತು.

"ಸರಿ, ಓಗು. ಆದ್ರೆ ಸೊಂಬು ನೆಲಕ್ಕಿಟ್ರೋ, ಇನ್ಮೇಲೆ ಈ ಮನೆ ಎಂಗಸ್ರು ಯಾರೂ ಮಲೆ ಪೇಚ್ಚೇ, ಮಾತೇ ಎತ್ತಬಾರ್ದು."

"ಆಗ್ಲಿ," ಅಂದಳು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿದಳು. "ಲೇ ಕುಟ್ಟಿ, ನಾಳೆ ಸ್ಕೂಲು ಲೀವು."

ಮೆಟ್ಟೂರಿಗೆ ಮೊದಲ ಬಸ್ಸು, ಅಲ್ಲಿಂದ ನೀರಿನ ಪಕ್ಕದಲ್ಲೇ ಓಡುವ ಇನ್ನೊಂದು ಬಸ್ಸು. ಥರ್ಮಲ್ ವಿದ್ಯುತ್ ಸ್ಥಾವರದ ಹೊಗೆ ನೀರಿನ ಮೇಲೆ ಮಂಜಿನ ಜೊತೆ ಬೆರೆತು, ಆಚೆ ದಡ ಕಾಣುತ್ತಿರಲಿಲ್ಲ. ನಾನು ಸಮುದ್ರ ನೋಡಿರಲಿಲ್ಲ. ಆ ಹೊತ್ತು ಅದೇ ಸಮುದ್ರವಾಗಿತ್ತು. ಬುಡದಲ್ಲಿ ಚಪ್ಪಲಿಗಳನ್ನು ಹೂವಿನ ಅಂಗಡಿಯವಳ ಬಳಿ ಬಿಟ್ಟೆವು. ಅಜ್ಜಿ ಹಿತ್ತಾಳೆ ತಂಬಿಗೆಯ ಬಾಯಿಯನ್ನು ಮುಚ್ಚಳವಿಟ್ಟು ಬಟ್ಟೆಯಿಂದ ಬಿಗಿದಿದ್ದಳು. ಬೆಳಗಿನ ಚಳಿಗೆ ಒಳಗಿನ ತುಪ್ಪ ಕಲ್ಲಿನಂತೆ ಕೂತಿತ್ತು.

ಆ ದಾರಿಗೆ ಮೆಟ್ಟಿಲು ಇರಲಿಲ್ಲ. ಮಳೆನೀರು ಕೊರೆದ ಕೊರಕಲು, ಕಾಲಿಟ್ಟರೆ ಉರುಳುವ ಪುಡಿಗಲ್ಲು, ಎರಡು ಕಡೆಯಿಂದಲೂ ಲಂಗ ಹಿಡಿದೆಳೆಯುವ ಮುಳ್ಳು. ಒಂದು ತಿರುವಿನವರೆಗೆ ಅಜ್ಜಿ ಹೊರುವುದು, ಇನ್ನೊಂದು ತಿರುವಿನವರೆಗೆ ನಾನು. ದಣಿವಾದಾಗ ಒಬ್ಬರು ಕೂತು ತಂಬಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡರೆ ಇನ್ನೊಬ್ಬರು ಕಾಲು ಚಾಚುವುದು. ಬಂಡೆಯ ಗುಳಿಯಲ್ಲಿ ನಿಂತ ನೀರನ್ನು ಅಜ್ಜಿ ಬೊಗಸೆಯಲ್ಲಿ ತುಂಬಿ ನನಗೆ ಕುಡಿಸಿದಳು, ನನ್ನ ಕೈಗಳೆರಡೂ ತಂಬಿಗೆ ಹಿಡಿದಿದ್ದವಲ್ಲ. ಎಲೆಯಲ್ಲಿ ಕಟ್ಟಿದ್ದ ಹುಣಸೆ ಅನ್ನವನ್ನೂ ಹಾಗೆಯೇ ತುತ್ತು ಮಾಡಿ ಬಾಯಿಗಿಟ್ಟಳು. ಒಂದು ಕೋತಿ ಆ ಎಲೆಗಾಗಿ ಬಂತು, ಸಿಕ್ಕ ಮೇಲೆ ತಂಬಿಗೆಗೂ ಬಂತು. ಅಜ್ಜಿ ಕೋಲು ಎತ್ತಿ, "ಓಗ್ಲಾ, ನೀನೂ ಗಂಡಸೇನಾ?" ಎಂದು ಗದರಿದಳು. ಅದು ಹಲ್ಲು ಕಿರಿದು ಮರ ಹತ್ತಿತು.

ಹೊತ್ತು ಏರಿದಂತೆ ತುಪ್ಪ ಕರಗಿತು. ಹೆಜ್ಜೆಗೊಮ್ಮೆ ಅದು ಒಳಗೆ ತುಳುಕುವುದು ನನ್ನ ಹೊಟ್ಟೆಗೇ ತಾಕುತ್ತಿತ್ತು. ಬಿಸಿಯಾದ ಹಿತ್ತಾಳೆ, ನುಗ್ಗೆಸೊಪ್ಪಿನ ವಾಸನೆ, ಕೆಳಗೆ ಬಿಸಿಲಿಗೆ ತಗಡಿನಂತೆ ಮಿನುಗುವ ಡ್ಯಾಮಿನ ನೀರು.

ಬೋಳು ಬಂಡೆಯೊಂದನ್ನು ಅಡ್ಡಡ್ಡ ದಾಟುವಾಗ ಅಜ್ಜಿಯ ಕಾಲು ಜಾರಿತು. ಮೊಣಕಾಲು ಮಡಿಸಿ ಬಿದ್ದಳು. ಏಳಲು ನೋಡಿದಳು, ಆಗಲಿಲ್ಲ. ಅವಳನ್ನು ಎತ್ತಲು ನನಗೆ ಎರಡು ಕೈ ಬೇಕಿತ್ತು. ಎರಡರಲ್ಲೂ ತಂಬಿಗೆ.

"ಅಜ್ಜಿ, ಒಂದ್ನಿಮ್ಸ ಕೆಳಗಿಡ್ತೀನಿ, ಯಾರೂ ನೋಡಲ್ಲ."

"ಇಟ್ಟೀಯೆ! ನಾನ್ ಇಲ್ಲೇ ಕೂತಿರ್ತೀನಿ. ನೀ ಇಡ್ಕೊಂಡ್ ನಿಂತ್ಕೋ."

ಆ ಹೊತ್ತಿಗೆ ಮೇಲಿಂದ ಇಬ್ಬರು ಗಂಡಸರು ಇಳಿದು ಬಂದರು. ಒಬ್ಬರೇ ಇದ್ದರೇನೋ, ನನ್ನ ಡೈರಿಯಲ್ಲಿ ಒಂದು ಕಡೆ ಇಬ್ಬರು, ಇನ್ನೊಂದು ಕಡೆ ಒಬ್ಬರು. "ಎನ್ನಾಚ್ಚು ಪಾಟಿ?" ಏನಾಯ್ತಜ್ಜಿ ಎಂದು ಕೇಳಿ, ಅವಳನ್ನು ಹಿಡಿದು ನೆರಳಿಗೆ ಕೂರಿಸಿದರು. ಒಳ್ಳೆಯ ಜನ. ತಂಬಿಗೆ ಕೊಟ್ಟರೆ ತಾವೇ ಮತ್ತೆ ಹತ್ತಿ ದೇವರಿಗೆ ಒಪ್ಪಿಸಿ ಬರುತ್ತೇವೆ ಎಂದರು. ನನ್ನ ಭುಜ ಬಿದ್ದುಹೋಗುವಂತೆ ನೋಯುತ್ತಿತ್ತು. ಕೊಟ್ಟರೆ ತುಪ್ಪ ಉಳಿಯುತ್ತಿತ್ತು, ನೆಲವೂ ಮುಟ್ಟುತ್ತಿರಲಿಲ್ಲ, ರಾತ್ರಿಗೆ ಮುದ್ದೆಯ ಮೇಲೆ ತುಪ್ಪವೂ ಬೀಳುತ್ತಿತ್ತು. ಆದರೆ ಒಯ್ದವರು ಗಂಡಸರೇ ಆಗುತ್ತಿದ್ದರು.

"ವೇಂಡಾಂ ಸಾಮಿ," ಅಂದಳು ಅಜ್ಜಿ. "ಇದು ಎಂಗ ವೇಲೆ." ಬೇಡಪ್ಪ, ಇದು ನಮ್ಮ ಕೆಲಸ.

ಅವರು ಮರೆಯಾದ ಮೇಲೆ ಅವಳು ಕೈ ಚಾಚಿದಳು. "ಕೊಡಿಲ್ಲಿ ಸೊಂಬ." ಮಡಿಲಲ್ಲಿಟ್ಟುಕೊಂಡು ಬಟ್ಟೆಯ ಗಂಟು ಬಿಚ್ಚಿದಳು. ಮೂರು ಬೆರಳು ಅದ್ದಿ, ಸೀರೆ ಸರಿಸಿ, ಬಾತ ಮೊಣಕಾಲಿಗೆ ಹಚ್ಚಿ ಗಸಗಸ ತಿಕ್ಕತೊಡಗಿದಳು.

"ಅಜ್ಜೀ! ದೇವ್ರ ತುಪ್ಪ!"

"ಓ, ದೇವ್ರದೇ. ಅವ್ನಿಗೆ ಬೇಕಂದ್ರೆ ನನ್ ಕಾಲು ನಡೀಬೇಕಲ್ಲ?" ಮತ್ತೆ ಅದ್ದಿದಳು, ಮತ್ತೆ ತಿಕ್ಕಿದಳು. ಆಮೇಲೆ ಇನ್ನೊಂದು ಬೆರಳು ತುಂಬ ತೆಗೆದು ನನ್ನ ಬಾಯಿಯ ಮುಂದೆ ಹಿಡಿದಳು. "ನೆಕ್ಕು."

ನಾನು ಬಾಯಿ ಬಿಗಿಹಿಡಿದೆ. ದೇವರಿಗಿಂತ ಮೊದಲು ತಿಂದರೆ ಕಣ್ಣು ಹೋಗುತ್ತದೆ ಎಂದು ಅಮ್ಮ ಹೇಳಿದ್ದಳು.

"ಕಣ್ಣೂ ಓಗಲ್ಲ, ಕಿವೀನೂ ಓಗಲ್ಲ. ಒತ್ತೋಳು ಮೊದ್ಲು ತಿನ್ಬೇಕು. ನೆಕ್ಕು ಅಂದೆ."

ನೆಕ್ಕಿದೆ. ಆ ರುಚಿಯನ್ನು ವರ್ಣಿಸಲು ಹೋದರೆ ಸುಳ್ಳು ಬರೆಯುತ್ತೇನೆ. ಬಿಸಿಯಾಗಿತ್ತು, ಸ್ವಲ್ಪ ಕಮಟಾಗಿತ್ತು, ಅವಳ ಬೆರಳಿನ ಉಪ್ಪು ಅದರಲ್ಲಿತ್ತು. ಕಣ್ಣು ಹೋಗಲಿಲ್ಲ.

ಉಳಿದ ದಾರಿಯನ್ನು ಅವಳು ಕೋಲೂರಿ, ಕೆಲವು ಕಡೆ ಕೂತು ತೆವಳಿ ಹತ್ತಿದಳು. ತಂಬಿಗೆ ಪೂರ್ತಿ ನನ್ನದಾಯಿತು. ತುದಿಯಲ್ಲಿ ಪೂಜಾರಿ ಮುಚ್ಚಳ ತೆಗೆದು ಇಣುಕಿ, ತಂಬಿಗೆ ತುಂಬಿಲ್ಲವಲ್ಲ ಎಂದರು. "ಉಳಿದದ್ದನ್ನ ಸಾಮಿ ದಾರೀಲೇ ನಮ್ಗೆ ಪ್ರಸಾದ ಕೊಟ್ರು," ಅಂದಳು ಅಜ್ಜಿ. ಪೂಜಾರಿ ಅವಳ ಹೊಳೆಯುವ ಮೊಣಕಾಲನ್ನೂ ನನ್ನ ಜಿಡ್ಡು ತುಟಿಯನ್ನೂ ನೋಡಿ ದೀಪಕ್ಕೆ ಸುರಿದರು. ದೀಪ ಉರಿಯಿತು.

ಸಂಜೆ ಮನೆಯಲ್ಲಿ ಚಿಕ್ಕಪ್ಪ ಅಜ್ಜಿಯನ್ನು ಬಿಟ್ಟು ನನ್ನನ್ನು ಹಿಡಿದರು. "ನಿಜ ಏಳು ಕುಟ್ಟಿ, ನೆಲ ಮುಟ್ತಾ?"

"ಇಲ್ಲ ಚಿಕ್ಕಪ್ಪ."

"ಯಾರಾದ್ರೂ ಗಂಡಸ್ರು ಒತ್ರಾ?"

"ಇಲ್ಲ."

ಅಂದು ಎಲ್ಲರಿಗಿಂತ ಹೆಚ್ಚು ತುಪ್ಪ ಸುರಿದುಕೊಂಡು ಉಂಡವರು ಚಿಕ್ಕಪ್ಪನೇ. ಅಲ್ಲಿಂದ ಮುಂದೆ, ಹಸು ಇರುವ ತನಕ, ಪ್ರತಿ ಸೂಲಿಗೂ ಮಲೆ ಹತ್ತಿದವಳು ನಾನು.

ಈಗ ಚಿಕ್ಕಪ್ಪ, ಆವತ್ತು ಅಜ್ಜಿಯೂ ಮೊಮ್ಮಗಳೂ ಅರ್ಧ ದಾರಿಯಿಂದಲೇ ತಿರುಗಿ ಬಂದರು ಎಂದು ಮದುವೆ ಮನೆಗಳಲ್ಲಿ ಹೇಳುತ್ತಾರೆ. ನಗುತ್ತಲೇ ಹೇಳುತ್ತಾರೆ. ಫೋಟೊ ಇಲ್ಲ, ಅಜ್ಜಿ ಇಲ್ಲ. ತುದಿಯಿಂದ ಕಂಡ ನೀರಿನ ಚಿತ್ರ ನನ್ನಲ್ಲಿದೆ, ಆದರೆ ಆಮೇಲೆ ಎಷ್ಟೋ ಸಲ ಅದನ್ನೇ ಕಂಡಿದ್ದೇನೆ. ಯಾವುದು ಯಾವ ಸಲದ್ದು ಎಂದು ಆಣೆ ಮಾಡಲಾರೆ. ಪೂಜಾರಿಗೆ ಕೊಟ್ಟ ಉತ್ತರ ಅಜ್ಜಿಯದೋ ನಾನು ಕಟ್ಟಿದ್ದೋ ಎಂಬ ಅನುಮಾನವೂ ಇದೆ. ಅಷ್ಟನ್ನು ಬಿಟ್ಟುಕೊಡುತ್ತೇನೆ. ಹತ್ತಿದ್ದನ್ನು ಬಿಟ್ಟುಕೊಡುವುದಿಲ್ಲ.

ಇಂದು ಮಲೆಗೆ ಜೀಪು ಹೋಗುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ತಮ್ಮನ ಬೈಕು ನಿಂತಿದೆ, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ. ತಮ್ಮನ ಮಗಳು ಮಲೆಗೆ ನಾನೂ ಬರುತ್ತೇನೆ ಎಂದು ತಮಿಳಿನಲ್ಲಿ ಕೇಳಿದಾಗ ಚಿಕ್ಕಪ್ಪನೇ, ಹೋಗಿ ಬಾ ಕಣ್ಣೇ, ಅದಕ್ಕೇನಂತೆ ಎಂದರು. ಅಜ್ಜಿ ಮೊಣಕಾಲು ತೆತ್ತು ಕಿತ್ತುಕೊಂಡದ್ದನ್ನು ಈಗ ಎಲ್ಲರಿಗೂ ಪುಕ್ಕಟೆ ಕೊಡುತ್ತಿದ್ದಾರೆ, ತಂಬಿಗೆಯ ಒಳಗಿನದೆಲ್ಲ ಖಾಲಿಯಾದ ಮೇಲೆ.

ಹೋದ ಸಲ ಹುಡುಗಿಯನ್ನು ಜೀಪಿಗೆ ಹತ್ತಿಸಿ ನಾನು ನಡೆದೇ ಹೊರಟೆ. ದಾರಿ ಪೊದೆ ಬೆಳೆದು ಮುಚ್ಚಿತ್ತು, ಆದರೂ ಇತ್ತು. ಹತ್ತುವುದು ಇಷ್ಟು ಸುಲಭ ಎಂದು ನನಗೆ ಗೊತ್ತೇ ಇರಲಿಲ್ಲ. ಎರಡೂ ಕೈ ಖಾಲಿ. ಬೇಕೆಂದಲ್ಲಿ ಕೂರಬಹುದಿತ್ತು. ಸಿಟ್ಟು ಬಂದು, ಎಲ್ಲಿಯೂ ಕೂರದೆ ಹತ್ತಿದೆ.